ಶ್ರೂಸ್‌ಬರಿಯಲ್ಲಿ ನೋಡೋದೇನಿದೆ?

ಪ್ರಶ್ನೆ: ಮೇಡಂ, ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಜೂನ್‌ನಲ್ಲಿ ನಾನು, ನಮ್ಮ ಮನೆಯವರು, ಅತ್ತೆ ಮೂವರೂ ಹೊರಟಿದ್ದೇವೆ. ಲಂಡನ್ ಆದ ಮೇಲೆ ಶ್ರೂಸ್‌ಬರಿ ಅಂತ ಒಂದು ಹಳೇ ಸಂತೆ ಊರಿಗೆ ಕರೆದುಕೊಂಡು ಹೋಗ್ತೀನಿ ಅಂತಾನೆ. ಅಲ್ಲಿ ನೋಡುವಂಥದ್ದು ಏನಿದೆ? ಒಂದು ದಿನ ಸಾಕಾ? ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ.
– ಓದುಗರು, ದಾವಣಗೆರೆ

ಉತ್ತರ: ಒಳ್ಳೆ ಊರನ್ನೇ ಆರಿಸಿದ್ದಾನೆ ನಿಮ್ಮ ಮಗ. ಪಕ್ಕದ ಟೆಲ್ಫರ್ಡ್‌ನಲ್ಲಿ ಇದ್ದಾಗ ನಾನು ತರಕಾರಿ, ಚೀಸ್ ತರೋಕೆ ಇಲ್ಲಿಗೇ ಬರುತ್ತಿದ್ದೆ. ಹಾಗಾಗಿ ಪ್ರವಾಸಿಗಳಾಗಿ ಅಲ್ಲ, ಸಂತೆಗೆ ಬಂದವರ ಹಾಗೆ ಈ ಊರನ್ನು ನೋಡಿ ಅಂತ ನನ್ನ ಸಲಹೆ. ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಬೆಳಿಗ್ಗೆ ಬೇಗ ಹೊರಟರೆ ಒಂದು ದಿನ ಸಾಕು. ಭಾನುವಾರ, ಸೋಮವಾರ ಮಾತ್ರ ಬೇಡ, ಮಾರ್ಕೆಟ್ ಇರಲ್ಲ. ಶುಕ್ರವಾರ ಅಥವಾ ಶನಿವಾರ ಹೋಗಿ.

ಸೆವರ್ನ್ ನದಿ ಊರನ್ನು ಬಳಸಿಕೊಂಡು ಹರಿಯುತ್ತದೆ. ಮೂರು ಕಡೆಯೂ ನೀರು. ನೀರಿಲ್ಲದ ಸಣ್ಣ ಜಾಗದಲ್ಲಿ ಕೋಟೆ ಕಟ್ಟಿದ್ದಾರೆ. ರೈಲ್ವೆ ಸ್ಟೇಷನ್ ಅದರ ಬುಡದಲ್ಲೇ ಇದೆ. ಪ್ಲಾಟ್‌ಫಾರ್ಮಿನ ಒಂದಷ್ಟು ಭಾಗ ನದಿಯ ಮೇಲೇ ಇದೆ, ಇಳಿಯುವಾಗ ಗಮನಿಸಿ. ಕೋಟೆ ಕೆಂಪು ಕಲ್ಲಿನದು, ಚಂದವಾಗಿದೆ. ಆದರೆ ಚಿತ್ರದುರ್ಗ ನೋಡಿದವರಿಗೆ ತೀರಾ ಚಿಕ್ಕದು ಅನಿಸುತ್ತದೆ. ಹೊರಗಿನಿಂದ ನೋಡಿ ಮುಂದೆ ಹೋಗಿ.

ನಿಧಾನವಾಗಿ ನೋಡಬೇಕಾದ್ದು ಊರ ನಡುವಿನ ಚೌಕ. ಅಲ್ಲಿ 1596ರಲ್ಲಿ ಕಟ್ಟಿದ ಹಳೇ ಸಂತೆ ಕಟ್ಟೆ ಇದೆ. ಕೆಳಗೆ ಕಮಾನುಗಳ ಅಡಿಯಲ್ಲಿ ಕಾಳುಕಡ್ಡಿ ವ್ಯಾಪಾರ ಆಗುತ್ತಿತ್ತು, ಮಹಡಿ ಮೇಲೆ ವೇಲ್ಸ್ ಬೆಟ್ಟಗಳಿಂದ ಬಂದ ಉಣ್ಣೆ ಬಟ್ಟೆಯ ವ್ಯಾಪಾರ. ಈ ಊರು ದುಡ್ಡು ಕಂಡಿದ್ದೇ ಆ ಉಣ್ಣೆಯಿಂದ. ಈಗ ಮೇಲೆ ಸಿನಿಮಾ, ಕಾಫಿ. ಕಮಾನಿನ ಒಳಗೆ ಹೋಗಿ ಕಂಬಗಳನ್ನು ಹತ್ತಿರದಿಂದ ನೋಡಿ. ಒಂದು ಕಡೆ ಕಲ್ಲಿನಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳಿವೆ. ಎಷ್ಟು ಮಾಲು ಹೋಯಿತು ಅಂತ ಲೆಕ್ಕ ಇಡೋಕೆ ಮಾಡಿಕೊಂಡಿದ್ದು. ಬೆರಳಿಟ್ಟು ನೋಡಿ, ಅಂಚೆಲ್ಲ ಸವೆದು ನುಣುಪಾಗಿದೆ. ನನಗೆ ಇಡೀ ಊರಲ್ಲಿ ಬಹಳ ಇಷ್ಟವಾದ ಜಾಗ ಇದು.

ಅದರ ಎದುರಿಗೇ ರಾಬರ್ಟ್ ಕ್ಲೈವ್‌ನ ಪ್ರತಿಮೆ ಇದೆ, 1860ರದು. ಕ್ಲೈವ್ ಈ ಜಿಲ್ಲೆಯವನೇ. ಪಾರ್ಲಿಮೆಂಟಿನಲ್ಲಿ ಈ ಊರಿನ ಪ್ರತಿನಿಧಿ, ಇಲ್ಲಿಯ ಮೇಯರ್ ಕೂಡ ಆಗಿದ್ದ. 2020ರಲ್ಲಿ ಪ್ರತಿಮೆ ತೆಗೆಯಿರಿ ಅಂತ ಸಾವಿರಾರು ಜನ ಸಹಿ ಹಾಕಿದರು. ಕೌನ್ಸಿಲ್ ಒಪ್ಪಲಿಲ್ಲ. ಬಂಗಾಳದಲ್ಲಿ ಇವನು ಮಾಡಿದ ಲೂಟಿಯ ಕಥೆಯನ್ನು ಅಲ್ಲೇ, ದಪ್ಪಕ್ಷರದಲ್ಲಿ, ಮಕ್ಕಳೂ ಓದುವ ಹಾಗೆ ಬರೆಸಬೇಕು ಅನ್ನೋದು ನನ್ನ ಅಭಿಪ್ರಾಯ.

ಸುತ್ತಮುತ್ತ ಮರದ ಚೌಕಟ್ಟಿನ ಕಪ್ಪು ಬಿಳುಪು ಮನೆಗಳಿವೆ. ಅವುಗಳ ನಡುವೆ ಓಣಿಗಳು. ಕೆಲವು ಎಷ್ಟು ಇಕ್ಕಟ್ಟು ಅಂದರೆ ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು. ಮೇಲೆ ಮಹಡಿಗಳು ಮುಂದಕ್ಕೆ ಚಾಚಿಕೊಂಡು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿವೆ. ಟಿಕೆಟ್ ಇಲ್ಲ, ಸುಮ್ನೆ ಅಡ್ಡಾಡಿ. ಊಟಕ್ಕೆ ಈಗಿನ ಮಾರ್ಕೆಟ್ಟಿಗೆ ಹೋಗಿ, ಗಡಿಯಾರದ ಗೋಪುರ ಇರುವ 1965ರ ಕಟ್ಟಡ. ಸಸ್ಯಾಹಾರಕ್ಕೆ ತೊಂದರೆ ಇಲ್ಲ. ಪುಣೆಯ ಬೇಕರಿಗಳಲ್ಲಿ ಸಿಗುವ ಶ್ರೂಸ್‌ಬರಿ ಬಿಸ್ಕತ್ತಿಗೆ ಹೆಸರು ಬಂದಿದ್ದೂ ಈ ಊರಿಂದಲೇ. ಇಲ್ಲಿಯದನ್ನೂ ಒಂದು ಪೊಟ್ಟಣ ತಗೊಳ್ಳಿ. ಮೊಟ್ಟೆ ತಿನ್ನದಿದ್ದರೆ ಮೊದಲು ಕೇಳಿ.

ಈಗ ಮುಖ್ಯ ವಿಷಯ. ನೀವು ದಾವಣಗೆರೆಯವರು, ಗಿರಣಿಗಳ ಊರಿನವರು. ಹಾಗಾಗಿ ಡಿದರಿಂಗ್‌ಟನ್ನಿನ ಅಗಸೆ ನಾರಿನ ಗಿರಣಿ ನೋಡದೆ ವಾಪಸ್ ಬರಬೇಡಿ. ಬಂದವರಲ್ಲಿ ಎಷ್ಟೋ ಜನ ಅಲ್ಲಿಗೆ ಹೋಗುವುದೇ ಇಲ್ಲ, ನನಗೆ ನಿಜಕ್ಕೂ ಬೇಜಾರಾಗುತ್ತದೆ. ಸ್ಟೇಷನ್‌ನಿಂದ ಒಂದೂವರೆ ಕಿಲೋಮೀಟರ್ ಅಷ್ಟೇ, ಅತ್ತೆಯವರಿಗೆ ಟ್ಯಾಕ್ಸಿ ಮಾಡಿ. ಅದನ್ನು ಕಟ್ಟಿದ ಕಾಲದಲ್ಲಿ ಗಿರಣಿಗಳ ನೆಲ, ತೊಲೆ ಸಾಮಾನ್ಯವಾಗಿ ಮರದ್ದೇ. ನೆಲಕ್ಕೆ ಎಣ್ಣೆ ಇಳಿದಿರುತ್ತಿತ್ತು, ಗಾಳಿ ತುಂಬ ನಾರಿನ ದೂಳು, ಬೆಳಕಿಗೆ ದೀಪದ ಕುಡಿ. ಒಂದು ಕಿಡಿ ಸಾಕು. ಇದೇ ಮಾಲೀಕರ ಲೀಡ್ಸ್ ಗಿರಣಿ 1796ರಲ್ಲಿ ಸುಟ್ಟುಹೋಯಿತು. ಮರುವರ್ಷ, 1797ರಲ್ಲಿ, ಚಾರ್ಲ್ಸ್ ಬೇಜ್ ಎಂಬಾತ ಇಲ್ಲಿ ಮರವೇ ಬೇಡ ಅಂತ ಎರಕದ ಕಬ್ಬಿಣದ ಕಂಬ, ತೊಲೆ ನಿಲ್ಲಿಸಿ, ಮಧ್ಯೆ ಇಟ್ಟಿಗೆ ಕಮಾನು ಕಟ್ಟಿಸಿದ. ಬೇಜ್ ವೃತ್ತಿಯಲ್ಲಿ ವೈನ್ ವ್ಯಾಪಾರಿ! ಕಂಬ, ತೊಲೆ ಎರಡೂ ಕಬ್ಬಿಣದ್ದಾದ ಕಟ್ಟಡ ಜಗತ್ತಿನಲ್ಲಿ ಅದೇ ಮೊದಲು. ಇವತ್ತಿನ ಎತ್ತರದ ಕಟ್ಟಡಗಳಿಗೆಲ್ಲ ಇದೇ ಅಜ್ಜ ಎನ್ನುತ್ತಾರೆ. ಆ ಕಂಬಗಳು ದಪ್ಪ ಇರಬಹುದು ಅಂದುಕೊಂಡಿರುತ್ತೀರಿ, ಅಲ್ವಾ? ಇಲ್ಲ, ತೆಳ್ಳಗಿವೆ. ಅಡ್ಡ ಕೊಯ್ದರೆ ಅಧಿಕ ಚಿಹ್ನೆಯ ಆಕಾರ. ಐದಂತಸ್ತಿನ ಭಾರ ಇವುಗಳ ಮೇಲೇ.

ಇಲ್ಲಿ ಮಕ್ಕಳೂ ದುಡಿದಿದ್ದಾರೆ. ಅವರನ್ನು ಇರಿಸುತ್ತಿದ್ದ ಮನೆ ಈಗಲೂ ಆವರಣದಲ್ಲಿದೆ, ಅದನ್ನೂ ನೋಡಿ. ಆಮೇಲೆ ಗಿರಣಿ ಬಿಯರ್‌ಗೆ ಮೊಳಕೆ ಬಾರ್ಲಿ ತಯಾರಿಸುವ ಜಾಗವಾಯಿತು. 1987ರಲ್ಲಿ ಬಾಗಿಲು ಹಾಕಿತು. ವರ್ಷಗಟ್ಟಲೆ ಪಾಳುಬಿದ್ದು, ರಿಪೇರಿಯಾಗಿ 2022ರಲ್ಲಿ ಜನರಿಗೆ ತೆರೆಯಿತು. ಪ್ರದರ್ಶನ ಇರುವುದು ಕೆಳ ಅಂತಸ್ತಿನಲ್ಲೇ.

ಅತ್ತೆಯವರ ವಿಷಯ. ಊರು ದಿಬ್ಬದ ಮೇಲಿದೆ, ಏರು ಇಳಿಜಾರು ಜಾಸ್ತಿ, ಕಲ್ಲು ಹಾಸಿದ ದಾರಿ ಬೇರೆ. ಅವರನ್ನು ಮಧ್ಯಾಹ್ನ ವೆಲ್ಶ್ ಬ್ರಿಜ್ ಹತ್ತಿರ ದೋಣಿ ಹತ್ತಿಸಿ. ಮುಕ್ಕಾಲು ಗಂಟೆಯಲ್ಲಿ ಕೂತಲ್ಲೇ ನದಿ ತಿರುವಿನ ಚಂದ ಕಾಣುತ್ತದೆ. ಜೂನ್‌ನಲ್ಲೂ ಸ್ವೆಟರ್ ಇರಲಿ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಡಾರ್ವಿನ್ ಹುಟ್ಟಿದ್ದು ಶ್ರೂಸ್‌ಬರಿಯಲ್ಲಿ ಅಂತ ಓದಿದ್ದೇನೆ. ಅವರ ನೆನಪು ಅಲ್ಲೇನಾದರೂ ಉಳಿದಿದೆಯೇ?
– ಓದುಗರು, ತುಮಕೂರು

ಉತ್ತರ: ಉಳಿದಿದೆ ಮೇಷ್ಟ್ರೇ. 1809ರ ಫೆಬ್ರುವರಿ 12ರಂದು ಡಾರ್ವಿನ್ ಹುಟ್ಟಿದ್ದು ಇಲ್ಲೇ. ಓದಿದ ಶಾಲೆ ಈಗ ಊರಿನ ಲೈಬ್ರರಿ, ಮುಂದೆ ಡಾರ್ವಿನ್ನರ ಕಂಚಿನ ಪ್ರತಿಮೆ ಇದೆ. ಹಾಸ್ಟೆಲ್‌ನಲ್ಲಿದ್ದರೂ ಬಿಡುವು ಸಿಕ್ಕಾಗ ಒಂದು ಮೈಲಿ ದೂರದ ಮನೆಗೆ ಓಡಿಬಂದು, ಬಾಗಿಲು ಹಾಕುವ ಮುಂಚೆ ಮತ್ತೆ ಓಡಿಹೋಗುತ್ತಿದ್ದ ಹುಡುಗ.

ಆದರೆ ನಿಮಗೆ ನಾನು ಹೇಳುವುದು ಒಂದು ಬಂಡೆ ನೋಡಿ ಅಂತ. ಹೆಸರು ಬೆಲ್‌ಸ್ಟೋನ್. ಮಾರಿಸ್ ಹಾಲ್ ಎಂಬ ಕಟ್ಟಡದ ಅಂಗಳದಲ್ಲಿದೆ. ನೋಡೋಕೆ ಸಾಧಾರಣ ಗುಂಡು. ಕಾಟನ್ ಎಂಬ ಹಿರಿಯರು ಅದನ್ನು ಹುಡುಗ ಡಾರ್ವಿನ್‌ಗೆ ತೋರಿಸಿದ್ದರು. ಇಂಥ ಕಲ್ಲು ಕಂಬರ್‌ಲ್ಯಾಂಡ್, ಸ್ಕಾಟ್‌ಲ್ಯಾಂಡ್ ಬಿಟ್ಟರೆ ಹತ್ತಿರದಲ್ಲೆಲ್ಲೂ ಇಲ್ಲ, ಇದು ಇಲ್ಲಿಗೆ ಹೇಗೆ ಬಂತು ಅಂತ ಪ್ರಪಂಚ ಮುಗಿಯುವವರೆಗೂ ಯಾರಿಗೂ ಹೇಳೋಕಾಗಲ್ಲ ಅಂದಿದ್ದರಂತೆ. ಮುಂದೆ ಮಂಜುಗಡ್ಡೆಗಳು ಬಂಡೆಗಳನ್ನು ಹೊತ್ತು ತರುತ್ತವೆ ಎಂದು ಓದಿದಾಗ ಆದ ಸಂತೋಷವನ್ನು ಡಾರ್ವಿನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಬಂಡೆ ತಂದಿದ್ದು ಹಿಮಯುಗದ ಹಿಮ ಅಂತ ಇವತ್ತು ನಿಮ್ಮ ಮಕ್ಕಳಿಗೆ ನೀವೇ ಹೇಳಬಹುದು. ಫೋಟೋ ತೆಗೆದುಕೊಂಡು ಬಂದು ಪಾಠ ಮಾಡಿ.

ಪ್ರಶ್ನೆ: ಟಿಪ್ಪುವಿನ ಡೇರೆ ಇಂಗ್ಲೆಂಡಿನಲ್ಲಿದೆ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ನಿಜವೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ನಿಜ, ಆದರೆ ಇರುವುದು ಪಕ್ಕದ ವೇಲ್ಸ್‌ನಲ್ಲಿ. ಶ್ರೂಸ್‌ಬರಿಯಿಂದ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ವೆಲ್ಶ್‌ಪೂಲ್. ಅಲ್ಲಿಯ ಪೋವಿಸ್ ಕೋಟೆಯಲ್ಲಿ ಹೂಬಳ್ಳಿ ಚಿತ್ತಾರದ ಹತ್ತಿ ಬಟ್ಟೆಯ ಆ ಡೇರೆ ಇದೆ. ಟಿಪ್ಪುವಿನ ಸಿಂಹಾಸನದಿಂದ ಕಿತ್ತ, ಹರಳು ಕೂರಿಸಿದ ಚಿನ್ನದ ಪುಟ್ಟ ಹುಲಿ ತಲೆಯೂ ಇದೆ. 1799ರಲ್ಲಿ ನಿಮ್ಮ ಊರು ಬಿದ್ದಾಗ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಮದ್ರಾಸಿನ ಗವರ್ನರ್. ಅವನ ಹೆಂಡತಿ ಹೆನ್ರಿಯೆಟಾಳ ತವರು ಪೋವಿಸ್. ಆಕೆ 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಮೈಸೂರು, ಶ್ರೀರಂಗಪಟ್ಟಣ ಸುತ್ತಿಹೋದವಳು.

ಸಿಂಹಾಸನವನ್ನು ಒಡೆದು ಹಂಚಿಕೊಂಡರು, ಚೂರುಗಳು ಒಂದೊಂದು ಕಡೆ ಸೇರಿದವು. ಇವೆಲ್ಲ ನಮ್ಮ ನೆಲಕ್ಕೆ ವಾಪಸ್ ಬರಬೇಕು ಅಂತಲೇ ನಾನು ನಂಬಿದ್ದೇನೆ. ಬರುವವರೆಗೆ, ಆ ಕಡೆ ಹೋಗುವ ಕನ್ನಡಿಗರು ತಪ್ಪದೆ ಹೋಗಿ ನೋಡಲಿ. ಡೇರೆ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ, ಕೋಟೆ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವೆಬ್‌ಸೈಟಿನಲ್ಲಿ ನೋಡಿಕೊಂಡು ಟಿಕೆಟ್ ತೆಗೆಯಿರಿ. ಸ್ಟೇಷನ್‌ನಿಂದ ಕೋಟೆಗೆ ನಡೆದೇ ಹೋಗಬಹುದು, ಆದರೆ ಏರು ದಾರಿ.