ಮಗುವಿನ ಸಮೀಪದೃಷ್ಟಿ: ದೋಷ ಮಿದುಳಿನದೇ?

ಪ್ರಶ್ನೆ: ನನ್ನ 8 ವರ್ಷದ ಮಗಳಿಗೆ ಸಮೀಪದೃಷ್ಟಿಯಿದೆ. ಒಂದೇ ವರ್ಷದಲ್ಲಿ ಕನ್ನಡಕದ ನಂಬರು ಮೈನಸ್ 1ರಿಂದ ಮೈನಸ್ 2ಕ್ಕೆ ಏರಿದೆ. ತೊಂದರೆ ಇರುವುದು ಮಿದುಳಿನಲ್ಲಿ, ಕನ್ನಡಕ ತೆಗೆದಿಟ್ಟು ಅಭ್ಯಾಸ ಮಾಡಿಸಿದರೆ ತಾನಾಗಿಯೇ ಸರಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ದಯವಿಟ್ಟು ಕನ್ನಡಕ ಬಿಡಿಸಬೇಡಿ.

ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದವಾಗಿ ಬೆಳೆದು ದೂರದ ವಸ್ತುಗಳು ಮಸುಕಾಗಿ ಕಾಣುವುದೇ ಸಾಮಾನ್ಯವಾಗಿ ಸಮೀಪದೃಷ್ಟಿ. ಹುಟ್ಟಿದಾಗ ಸುಮಾರು 17 ಮಿಲಿಮೀಟರ್ ಉದ್ದವಿರುವ ಕಣ್ಣುಗುಡ್ಡೆ ದೊಡ್ಡವರಾಗುವ ಹೊತ್ತಿಗೆ ಸುಮಾರು 24 ಮಿಲಿಮೀಟರಿಗೆ ಬೆಳೆಯುತ್ತದೆ. ಈ ಬೆಳವಣಿಗೆ ಎಲ್ಲಿ ನಿಲ್ಲಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಣ್ಣಿನ ಒಳಗೋಡೆಯಲ್ಲಿದ್ದು ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲವೇ (ರೆಟಿನಾ). ಕೋಳಿಮರಿಗಳ ಮೇಲೆ ನಡೆದ ಪ್ರಯೋಗಗಳು ಇದನ್ನು ಬಹಳ ಸೊಗಸಾಗಿ ತೋರಿಸಿಕೊಟ್ಟಿವೆ: ದೃಷ್ಟಿಕ್ಷೇತ್ರದ ಅರ್ಧಭಾಗ ಮಾತ್ರ ಮಸುಕಾಗುವಂತೆ ಕಣ್ಣಿಗೆ ಮುಚ್ಚಳ ಹಾಕಿದಾಗ, ಮಸುಕು ಚಿತ್ರ ಬೀಳುತ್ತಿದ್ದ ಭಾಗವಷ್ಟೇ ಹಿಂದಕ್ಕೆ ಉಬ್ಬಿತು, ಮಿದುಳಿಗೆ ಹೋಗುವ ದೃಷ್ಟಿನರವನ್ನು ಕತ್ತರಿಸಿದ ಮೇಲೂ ಮಸುಕು ಕಂಡ ಕಣ್ಣು ಉದ್ದವಾಗುತ್ತಲೇ ಹೋಯಿತು. ಮಿದುಳಿಗೆ ಪಾತ್ರವೇ ಇಲ್ಲವೆಂದಲ್ಲ. ಹತ್ತಿರದ ಅಕ್ಷರದ ಮೇಲೆ ನೋಟ ಕೂಡಿಸಲು ಮಸೂರವನ್ನು ಉಬ್ಬಿಸುವ ಸ್ನಾಯುವಿಗೆ ಸೂಚನೆ ಬರುವುದು ಅಲ್ಲಿಂದಲೇ. ಆದರೆ ಒಮ್ಮೆ ಉದ್ದವಾದ ಕಣ್ಣನ್ನು ಗಿಡ್ಡವಾಗಿಸುವ ಶಕ್ತಿ ಯಾವ ಅಭ್ಯಾಸಕ್ಕೂ ಇಲ್ಲ, ಮತ್ತು ಒಂದು ಮಿಲಿಮೀಟರ್ ಹೆಚ್ಚಾದರೆ ಸುಮಾರು 2.5 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ನಂಬರು ಏರುತ್ತದೆ. ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟು ನೋಡಿದ 2002ರ ಅಧ್ಯಯನವೊಂದರಲ್ಲಿ ಮಕ್ಕಳ ಸಮೀಪದೃಷ್ಟಿ ಇನ್ನಷ್ಟು ಬೇಗ ಹೆಚ್ಚಿತು.

ಅಕ್ಷಿಪಟಲದ ಮೇಲೆ ಪ್ರಭಾವ ಬೀರುವ ದಾರಿಯೊಂದು ಬೆಳಕು. ಪ್ರಖರ ಬೆಳಕಿನಲ್ಲಿ ಅದು ಡೋಪಮೈನ್ ಸ್ರವಿಸುತ್ತದೆ, ಆ ರಾಸಾಯನಿಕ ಕಣ್ಣು ಉದ್ದವಾಗುವುದನ್ನು ತಡೆಹಿಡಿಯುತ್ತದೆಂದು ಪ್ರಾಣಿಪ್ರಯೋಗಗಳು ಸೂಚಿಸುತ್ತವೆ. ಕೋಣೆಯ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಇದ್ದರೆ, ಹಗಲಿನ ಬಯಲಿನಲ್ಲಿ ಅದು 10,000 ಲಕ್ಸ್ ದಾಟುತ್ತದೆ. ಚೀನಾದ ಗ್ವಾಂಗ್‌ಝೌನಲ್ಲಿ ಶಾಲಾಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟಾಗ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ಶೇ. 30.4ರಷ್ಟಿತ್ತು, ಹಾಗೆ ಬಿಡದ ಶಾಲೆಗಳಲ್ಲಿ ಅದು ಶೇ. 39.5. ಈ ಲಾಭ ಹೆಚ್ಚಾಗಿ ದೋಷ ಇನ್ನೂ ಬಾರದ ಮಕ್ಕಳಿಗೆ ಎಂಬುದನ್ನೂ ಹೇಳಲೇಬೇಕು. ಆದರೂ ನಿಮ್ಮ ಮಗಳನ್ನು ದಿನವೂ ಹೊರಗೆ ಆಡಲು ಬಿಡಿ. ಅವಳಿಗೆ ತಮ್ಮನೋ ತಂಗಿಯೋ ಇದ್ದರೆ ಅವರನ್ನೂ ಕಳಿಸಿ.

ವರ್ಷಕ್ಕೆ ಒಂದು ಡಯಾಪ್ಟರ್ ಏರುವುದು ವೇಗದ ಏರಿಕೆಯೇ. ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಗಳಾಗಲಿ ಏರಿಕೆ ತಗ್ಗಿಸಲೆಂದೇ ರೂಪಿಸಿದ ವಿಶೇಷ ಮಸೂರಗಳಾಗಲಿ ಅವಳಿಗೆ ಒಗ್ಗುತ್ತವೆಯೇ ಎಂದು ನೇತ್ರವೈದ್ಯರನ್ನು ಕೇಳಿ. ಆರು ತಿಂಗಳಿಗೊಮ್ಮೆ ನಂಬರಿನ ಜೊತೆಗೆ ಕಣ್ಣಿನ ಉದ್ದವನ್ನೂ ಅಳೆಸಿ, ಎರಡನ್ನೂ ಬರೆದಿಟ್ಟುಕೊಳ್ಳಿ.