ಅತ್ತೆಯ ಖಾತೆಗೆ ಬಂದ ಎರಡು ಸಾವಿರ, ಮಗನ ಜೇಬಲ್ಲಿ ಉಳಿದ ಎರಡು ಸಾವಿರ

ಇಂಥ ಬರಹಗಳಲ್ಲಿ ಹೆಸರು ಬದಲಿಸುವುದು ವಾಡಿಕೆ. ನಾನು ಹೆಸರನ್ನೇ ಇಡುವುದಿಲ್ಲ. ಅತ್ತೆ, ಸೊಸೆ, ಮಗ ಅಂತಲೇ ಕರೆಯುತ್ತೇನೆ. ಊರು ಹಾವೇರಿ ಜಿಲ್ಲೆಯ ಕಡೆಯದು ಅಂದರೆ ಸಾಕು. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಮೂವರ ಒಪ್ಪಿಗೆಯೂ ಇದೆ.

ಮನೆ ಜಗಳಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. 2025ರ ಫೆಬ್ರವರಿಯಲ್ಲಿ ನನ್ನ ಹತ್ತಿರ ಮೊದಲು ಬಂದವಳು ಸೊಸೆ. ವಯಸ್ಸು 26. ಜೊತೆಗೆ ನಾಲ್ಕು ವರ್ಷದ ಮಗಳು. ಬಂದವಳೇ ಕೇಳಿದ್ದು ಒಂದೇ ಮಾತು: "ಮೇಡಂ, ರೇಷನ್ ಕಾರ್ಡ್ ಬ್ಯಾರೆ ಮಾಡಿಸಿ ಕೊಡ್ರಿ." ಅದು ನಮ್ಮ ಕೆಲಸ ಅಲ್ಲ ಅಂದೆ. "ಹಂಗಾರ ನಮ್ಮ ಅತ್ತಿಗೆ ಬುದ್ಧಿ ಹೇಳ್ರಿ" ಅಂದಳು.

ಸಿಟ್ಟಿಗೆ ಕಾರಣ ಗೃಹಲಕ್ಷ್ಮಿ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಈ ಯೋಜನೆ 2023ರ ಆಗಸ್ಟ್ 30ರಂದು, ನೂಲು ಹುಣ್ಣಿಮೆಯ ದಿನ, ಮೈಸೂರಿನಲ್ಲಿ ಶುರುವಾಯಿತು. ಯಜಮಾನಿ ಯಾರು ಅಂತ ಹೇಳುವುದು ರೇಷನ್ ಕಾರ್ಡ್. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಣ್ಣುಮಗಳ ಹೆಸರಲ್ಲೇ ಕಾರ್ಡ್ ಇರಬೇಕು. ಹಾಗಾಗಿ ಕೂಡು ಮನೆಯಲ್ಲಿ ದುಡ್ಡು ಅತ್ತೆಗೆ ಬೀಳುತ್ತದೆ. ಅತ್ತೆಗೋ ಸೊಸೆಗೋ ಅನ್ನುವ ಚರ್ಚೆ ಯೋಜನೆ ಶುರುವಾಗುವ ಮೊದಲೇ ಮಂತ್ರಿಗಳ ಬಾಯಲ್ಲೇ ನಡೆದಿತ್ತು, ನೆನಪಿದೆ ಅಲ್ವಾ? ಆಗ ನಾವೆಲ್ಲ ನಕ್ಕಿದ್ದೆವು. ಆಮೇಲೆ ಅದೇ ಜಗಳ ಹೊತ್ತು ಮನೆಮನೆಯಿಂದ ಬರತೊಡಗಿದರು.

ಸೊಸೆಯ ದೂರು ಹೀಗಿತ್ತು. ಅತ್ತೆ ಆ ದುಡ್ಡನ್ನು ಮನೆಗೆ ಹಾಕುವುದಿಲ್ಲ. ಎಣ್ಣೆ, ಬೇಳೆ, ಮಗುವಿನ ಹಾಲು ಎಲ್ಲಕ್ಕೂ ತಾನೇ ತಿಣುಕಬೇಕು. ಕೇಳಿದರೆ "ನನ್ನ ಹೆಸರಿಗೆ ಬಂದದ್ದು" ಅಂತಾರೆ. ಸಾಲದ್ದಕ್ಕೆ ತಮ್ಮ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೀರೆ ತಂದರು. ಒಂದು ದಿನ ತಡೆಯಲಾರದೆ ಇವಳು ಅಂದುಬಿಟ್ಟಿದ್ದಾಳೆ: "ನೀ ಹೋದ ಮ್ಯಾಲ ನನಗ ಬರ್ತಾವು ಬಿಡು." ಅವತ್ತಿನಿಂದ ಅತ್ತೆ ಸೊಸೆ ಮಾಡಿದ ಅಡುಗೆ ಉಣ್ಣುತ್ತಿಲ್ಲ. ಒಂದೇ ಮನೆಯಲ್ಲಿ ಎರಡು ಒಲೆ.

ದುಡ್ಡಿನ ಜಗಳ ಅಂತ ಬಂದವರನ್ನು ನಾನು ಮೊದಲು ಒಟ್ಟಿಗೆ ಕೂರಿಸುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಹೊಡೆತ ಬಡಿತ ಏನಾದರೂ ಇದೆಯಾ ಅಂತ ಕೇಳುತ್ತೇನೆ. ಇದ್ದರೆ ದಾರಿಯೇ ಬೇರೆ. ಹೆಣ್ಣಿನ ದುಡ್ಡು ಕಿತ್ತುಕೊಳ್ಳುವುದೂ, ಮನೆಖರ್ಚಿಗೆ ಕೊಡದೆ ಸತಾಯಿಸುವುದೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಆರ್ಥಿಕ ಹಿಂಸೆ. ಸೊಸೆ ಗಂಡನ ಮೇಲೆ ಮಾತ್ರ ಅಲ್ಲ, ತಾಯಿ ಮಗನ ಮೇಲೂ ದೂರು ಕೊಡಬಹುದು. ಸಹಾಯವಾಣಿ 181. ಈ ಮನೆಯಲ್ಲಿ ಕೈ ಎತ್ತುವ ಚಾಳಿ ಇರಲಿಲ್ಲ.

ಮುಂದಿನ ವಾರ ಅತ್ತೆ ಬಂದರು. ವಯಸ್ಸು 57, ಗಂಡ ತೀರಿಕೊಂಡು ತುಂಬಾ ವರ್ಷ ಆಗಿದೆ. ಒಂದೂವರೆ ಎಕರೆ ಮಳೆಯಾಶ್ರಿತ ಹೊಲ, ಗೋವಿನಜೋಳ. ಶಕ್ತಿ ಯೋಜನೆ ಇರುವುದರಿಂದ ಬಸ್ ಚಾರ್ಜಿಗೂ ಮಗನನ್ನು ಕೇಳಬೇಕಾಗಿರಲಿಲ್ಲ. ಅದನ್ನು ಅವರೇ ಹೇಳಿಕೊಂಡರು, ಸ್ವಲ್ಪ ಹೆಮ್ಮೆಯಿಂದಲೇ.

ಎರಡು ಸಾವಿರ ಏನು ಮಾಡಿದ್ರಿ ಅಂತ ಕೇಳಿದೆ. ತಿಂಗಳು ತಿಂಗಳಿನ ಲೆಕ್ಕ ಬಾಯಲ್ಲೇ ಇತ್ತು. ಮೊದಲ ಕಂತಿನಲ್ಲಿ ಕಿರಾಣಿ ಅಂಗಡಿಯ ಉದ್ದರಿ ತೀರಿಸಿದರು. ಎರಡನೆಯದರಲ್ಲಿ ಚಷ್ಮಾ. ಬಿಪಿ ಗುಳಿಗೆ ಸರ್ಕಾರಿ ದವಾಖಾನೆಯಲ್ಲಿ ಸಿಗದ ತಿಂಗಳು ಮೊದಲೆಲ್ಲ ಹಾಗೇ ಬಿಡುತ್ತಿದ್ದರು. ಈಗ ಅಂಗಡಿಯಲ್ಲಿ ಕೊಳ್ಳುತ್ತಾರೆ, ಗುಳಿಗೆ ತಪ್ಪಿಸಿಲ್ಲ. ಕೂಡಿಟ್ಟು ಒಂದು ಆಡು ತಂದರು, ಅದು ಎರಡು ಮರಿ ಹಾಕಿದೆ. ಮೊಮ್ಮಗಳಿಗೆ ಕಿವಿಯೋಲೆ ಮಾಡಿಸಬೇಕು ಅಂತ ಚೀಟಿ ಹಾಕಿದ್ದಾರೆ. ಆ ವಿಷಯ ಸೊಸೆಗೆ ಗೊತ್ತೇ ಇರಲಿಲ್ಲ. ಹೇಳಿರಲೂ ಇಲ್ಲ, ಆ ಮಾತು ಬೇರೆ. ಮಗಳ ಕುಬಸದ ಸೀರೆ ಬಗ್ಗೆ ಕೇಳಿದಾಗ ಮಾತ್ರ ದನಿ ಏರಿತು. "ಇಷ್ಟು ವರ್ಷ ಮಗಳು ತವರಿಗೆ ಬಂದ್ರ ಮಗನ ಮಾರಿ ನೋಡ್ತಿದ್ದೆ. ಎಲಿ ಅಡಿಕಿಗೂ ಕೈ ಒಡ್ಡಿದಾಕಿ ನಾನು."

ಬಡವರ ಕೈಗೆ ಸುಮ್ನೆ ದುಡ್ಡು ಕೊಟ್ಟರೆ ಹಾಳು ಮಾಡುತ್ತಾರೆ ಅನ್ನುವವರಿಗೆ ಈ ಲೆಕ್ಕ ತೋರಿಸಬೇಕು ಅನಿಸುತ್ತದೆ. ಇದು ಒಬ್ಬರ ಲೆಕ್ಕ, ನಿಜ. ಆದರೆ ಬೇರೆ ಕಡೆ ಕಂಡದ್ದೂ ಇದನ್ನೇ. 2011ರಲ್ಲಿ ಮಧ್ಯಪ್ರದೇಶದ 8 ಹಳ್ಳಿಗಳಲ್ಲಿ ‘ಸೇವಾ’ (SEWA) ಅನ್ನುವ ದುಡಿಯುವ ಹೆಣ್ಣುಮಕ್ಕಳ ಸಂಘಟನೆ ಮತ್ತು ಯುನಿಸೆಫ್ ಸೇರಿ ಒಂದು ಪ್ರಯೋಗ ಮಾಡಿದರು. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ. ಒಂದು ವರ್ಷದ ಮೇಲೆ 300 ಮತ್ತು 150 ಮಾಡಿದರು. ಜನ ಊಟಕ್ಕೆ, ಔಷಧಿಗೆ, ಸಾಲ ತೀರಿಸಲು, ಆಡು ಕೋಳಿ ಕೊಳ್ಳಲು ಬಳಸಿದರು. ಕುಡಿತ ಹೆಚ್ಚಾಗಲಿಲ್ಲ. ಅಲ್ಲಿ ಇನ್ನೊಂದು ವ್ಯವಸ್ಥೆ ಇತ್ತು. ಮನೆಯ ಪ್ರತಿ ದೊಡ್ಡವರಿಗೂ ಅವರವರ ಪಾಲು ಬೇರೆ ಬರುತ್ತಿತ್ತು. ಅತ್ತೆಗೂ ಬಂತು, ಸೊಸೆಗೂ ಬಂತು. ನಮ್ಮಲ್ಲಿ ಮನೆಗೆ ಒಬ್ಬರೇ. ಅಲ್ಲಿಂದ ಜಗಳ.

ಹಾಗಂತ ಈ ಮನೆಯ ಜಗಳ ಅಷ್ಟಕ್ಕೇ ನಿಲ್ಲಲಿಲ್ಲ. ಮೂವರನ್ನೂ ಕೂರಿಸಿದ ದಿನ ಒಂದು ಹಾಳೆಯ ಮೇಲೆ ಎರಡು ಸಾಲು ಬರೆದೆ. ಗೃಹಲಕ್ಷ್ಮಿ ಶುರುವಾದ ಆ ನೂಲು ಹುಣ್ಣಿಮೆಗೆ ಮುಂಚೆ ಮನೆಖರ್ಚಿಗೆ ಯಾರು ಎಷ್ಟು ಕೊಡುತ್ತಿದ್ದರು, ಆಮೇಲೆ ಎಷ್ಟು. ಮಗನಿಗೆ 31 ವರ್ಷ, ಮೆಣಸಿನಕಾಯಿ ಸೀಸನ್ನಿನಲ್ಲಿ ಹಮಾಲಿ, ಉಳಿದ ತಿಂಗಳು ಸಿಕ್ಕ ಕೆಲಸ. ಮೊದಲು ತಿಂಗಳಿಗೆ 5000 ತಾಯಿಯ ಕೈಗೆ ಕೊಡುತ್ತಿದ್ದ. ಈಗ 3000, ಅದನ್ನು ಹೆಂಡತಿಯ ಕೈಗೆ. ಯಾಕೆ ಕಡಿಮೆ ಅಂದರೆ, "ಅವ್ವಗ ಬರ್ತಾವಲ್ರೀ."

ಅಷ್ಟೇ ವಿಷಯ. ಸರ್ಕಾರದ ಎರಡು ಸಾವಿರ ಅತ್ತೆಯ ಖಾತೆಗೆ ಬಂತು, ಮಗನ ಜೇಬಿನಲ್ಲಿ ಉಳಿಯಿತು. ಅಡುಗೆ ಮನೆಗೆ ಬಿದ್ದ ತೂತು ಸೊಸೆಗೆ ಕಂಡಿತು, ದುಡ್ಡು ಅತ್ತೆಯ ಹತ್ತಿರ ಕಂಡಿತು. ಮಧ್ಯದಲ್ಲಿ ನಿಂತವನು ಇಬ್ಬರಿಗೂ ಕಾಣಲಿಲ್ಲ. ನಾನು ಏನೂ ಹೇಳಲಿಲ್ಲ, ಹಾಳೆ ಅವರ ಕಡೆ ತಿರುಗಿಸಿದೆ. ಸೊಸೆಗೆ ಓದು ಬರುತ್ತದೆ. ಅವಳೇ ಅತ್ತೆಗೆ ಓದಿ ಹೇಳಿದಳು. ಮಗ ಫೋನ್ ನೋಡುತ್ತಾ ಕೂತ.

ಆ ಫೋನಿನದೂ ಒಂದು ಕತೆ. ಅತ್ತೆಯ ಬ್ಯಾಂಕ್ ಖಾತೆಗೆ ಕೊಟ್ಟಿದ್ದ ನಂಬರು ಮಗನದು. ಕಂತು ಬಿದ್ದ ಮೆಸೇಜು ಅವನಿಗೆ ಹೋಗುತ್ತಿತ್ತು. ತಾಯಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಅದೇ ಸಂಜೆ "ಒಂದೈನೂರು ಕೊಡವ್ವಾ" ಶುರು. ಕಂತು ತಡವಾಗಿ ಎರಡು ಮೂರು ತಿಂಗಳದ್ದು ಒಟ್ಟಿಗೆ ಬಿದ್ದಾಗ ಕೇಳುವ ಮೊತ್ತವೂ ದೊಡ್ಡದು.

ಇಂಥ ಮನೆಗಳಿಗೆ ಊರ ಹಿರಿಯರು ಕೊಡುವ ತೀರ್ಪು ಒಂದೇ: ಅತ್ತೆಗೆ ಸಾವಿರ, ಸೊಸೆಗೆ ಸಾವಿರ, ಗಲಾಟೆ ಬೇಡ. ನಾನು ಆ ಸಲಹೆ ಕೊಡಲಿಲ್ಲ. ಹಾಗೆ ಹಂಚಿದರೆ ಇಬ್ಬರು ಹೆಂಗಸರು ತಮ್ಮೊಳಗೆ ಹಂಚಿಕೊಳ್ಳುತ್ತಾರೆ, ಮಗನ ಎರಡು ಸಾವಿರ ಅವನಲ್ಲೇ ಉಳಿಯುತ್ತದೆ. ಅದಕ್ಕೆ ಹೇಳಿದೆ: ಅತ್ತೆಯ ದುಡ್ಡು ಅತ್ತೆಯದೇ. ಮಗ ಮೊದಲಿನಂತೆ 5000 ಕೊಡಬೇಕು. ಕೆಲಸ ಇಲ್ಲದ ತಿಂಗಳು ಕಷ್ಟ ಅಂದರೆ, ಸೀಸನ್ನಿನಲ್ಲಿ ಜಾಸ್ತಿ ಕೊಟ್ಟು ಸರಿದೂಗಿಸಬೇಕು. ಗೃಹಲಕ್ಷ್ಮಿ ಬಂದರೂ ಬರದಿದ್ದರೂ ಈ ಲೆಕ್ಕ ಬದಲಾಗಬಾರದು. ಮಗ ಸ್ವಲ್ಪ ಹೊತ್ತು ವಾದ ಮಾಡಿದ, ಪೆಟ್ರೋಲ್, ಬೈಕಿನ ಕಂತು ಅಂತೆಲ್ಲ. ಕೊನೆಗೆ 4500ಕ್ಕೆ ಒಪ್ಪಿದ. ಅತ್ತೆಗೂ ಒಂದು ಮಾತು ಹೇಳಿದೆ. ದುಡ್ಡು ನಿಮ್ಮದು ಸರಿ, ಆದರೆ ಚೀಟಿ ಯಾಕೆ ಹಾಕಿದ್ದೀರಿ ಅಂತ ಸೊಸೆಗೆ ಹೇಳಿ. ಮುಚ್ಚಿಟ್ಟರೆ ಮಗಳಿಗೇ ಸಾಗಿಸುತ್ತಾರೆ ಅಂತ ಅವಳಿಗೆ ಅನಿಸುವುದು ಸಹಜ.

ಬ್ಯಾಂಕಿಗೆ ಹೋಗಿ ನಂಬರು ಬದಲಿಸಲು ಹೇಳಿದೆ. ಬಟನ್ ಫೋನ್ ಇದ್ದರೂ ಸಾಕು, ಮೆಸೇಜು ಬರುತ್ತದೆ. ಊರಲ್ಲೇ ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ಬ್ಯಾಂಕ್ ಮಿತ್ರನ ಹತ್ತಿರ ಹೆಬ್ಬೆಟ್ಟು ಒತ್ತಿದ ಮೇಲೆ ರಸೀದಿ ಕೇಳಿ ಪಡೆಯಿರಿ, "ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತು" ಅಂದರೆ ಮೊದಲು ಬ್ಯಾಲೆನ್ಸ್ ನೋಡಿಸಿ ಅಂತಲೂ ಹೇಳಿದೆ.

ಕಾರ್ಡ್ ಬೇರೆ ಮಾಡಿಸುವ ಆಸೆಯನ್ನು ಸೊಸೆ ಅಷ್ಟು ಬೇಗ ಬಿಡಲಿಲ್ಲ. ಊರಲ್ಲಿ ಯಾರೋ ಮಾಡಿಸಿದ್ದಾರಂತೆ. ನಿಜವಾಗಿ ಬೇರೆ ಸಂಸಾರ ಮಾಡಿದ್ದರೆ ಅದು ಹಕ್ಕು. ಒಂದೇ ಮನೆಯಲ್ಲಿದ್ದು ಬೇರೆ ಅಂತ ಬರೆದುಕೊಟ್ಟರೆ ಅದು ಸುಳ್ಳು ಅರ್ಜಿ, ಇರುವ ಕಾರ್ಡಿಗೂ ತೊಂದರೆ. ಅಕ್ಕಿ ತಲೆಗಿಷ್ಟು ಅಂತ ಇರುವುದರಿಂದ ಕಾರ್ಡ್ ಒಡೆದರೆ ಅಕ್ಕಿಯೂ ಜಾಸ್ತಿ ಆಗುವುದಿಲ್ಲ. ಅವಳಿಗೆ ಬೇಕಾಗಿದ್ದುದು ಕಾರ್ಡ್ ಅಲ್ಲ, ತನ್ನ ಕೈಯಲ್ಲಿ ಒಂದಿಷ್ಟು ದುಡ್ಡು. ಅದಕ್ಕೆ ಹತ್ತಿರದ ದಾರಿ ಉದ್ಯೋಗ ಖಾತ್ರಿ. ಆಗ ಕೂಲಿ ದಿನಕ್ಕೆ 349 ರೂಪಾಯಿ ಇತ್ತು, ಏಪ್ರಿಲ್‌ನಿಂದ 370 ಆಯಿತು. ಗಂಡು ಹೆಣ್ಣಿಗೆ ಒಂದೇ ಕೂಲಿ. ತೊಡಕು ಖಾತೆಯಲ್ಲಿತ್ತು. ಅವಳ ಆಧಾರ್ ಜೋಡಣೆ ಆಗಿದ್ದದ್ದು ಮದುವೆಗೆ ಮುಂಚೆ ತವರಲ್ಲಿ ಮಾಡಿಸಿದ ಜನಧನ್ ಖಾತೆಗೆ. ಪಾಸ್‌ಬುಕ್ ಅಪ್ಪನ ಹತ್ತಿರ. ಆಧಾರ್ ಯಾವ ಖಾತೆಗೆ ಜೋಡಿಸಿದೆಯೋ ದುಡ್ಡು ಅಲ್ಲಿಗೇ ಹೋಗುತ್ತದೆ. ಊರಿನ ಅಂಚೆ ಕಚೇರಿಯಲ್ಲಿ ಹೊಸ ಖಾತೆ ತೆಗೆದು ಆಧಾರ್ ಅದಕ್ಕೆ ಜೋಡಿಸಿಕೊಳ್ಳಲು ಹೇಳಿದೆ. ಕೂಲಿ ತನ್ನ ಖಾತೆಗೇ ಬಂದರೆ, ಅದನ್ನು ಬಳಸುವುದನ್ನೂ ಕಲಿಸಿಕೊಟ್ಟರೆ ಹೆಣ್ಣುಮಕ್ಕಳು ಜಾಸ್ತಿ ದಿನ ಕೆಲಸಕ್ಕೆ ಹೋಗುತ್ತಾರೆ ಅಂತ ಮಧ್ಯಪ್ರದೇಶದಲ್ಲೇ ನಡೆದ ಇನ್ನೊಂದು ಅಧ್ಯಯನ ಕಂಡುಕೊಂಡಿದೆ. ನಮ್ಮ ಅನುಭವವೂ ಅದೇ.

ಕೊನೆಯ ಗಂಟು ಸಾಲದ್ದು. ಬೈಕಿಗೆ ಅಂತ ಮಗ ಸೊಸೆಯ ಹೆಸರಲ್ಲಿ ಸಂಘದ ಕಿರುಸಾಲ (ಮೈಕ್ರೋಫೈನಾನ್ಸ್) 30,000 ತೆಗೆಸಿದ್ದ. ತಿಂಗಳಿಗೆ 1600ರ ಹತ್ತಿರ ಕಂತು. ಗೃಹಲಕ್ಷ್ಮಿ ದುಡ್ಡಿನಲ್ಲಿ ಕಟ್ಟಿದರಾಯಿತು ಅನ್ನುವುದು ಗಂಡ ಹೆಂಡತಿಯ ಲೆಕ್ಕ, ಅತ್ತೆಯನ್ನು ಕೇಳಿಯೇ ಇರಲಿಲ್ಲ. ಕಂತು ತಪ್ಪಿದ ತಿಂಗಳು ವಸೂಲಿಯವರು ರಾತ್ರಿ ಎಂಟಕ್ಕೆ ಬಂದು ಕಟ್ಟೆಯ ಮೇಲೆ ಕೂತಿದ್ದರಂತೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಕಿರುಸಾಲ ವಸೂಲಿಗೆ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಕರೆ ಮಾಡುವಂತಿಲ್ಲ. ಅದೇ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೂ ಕಿರುಸಾಲದ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತ್ತು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ, ಮುಂದಿನ ಸಲ ಬಂದರೆ ತೋರಿಸಲು. ಆದರೆ ಸಾಲ ಸಾಲವೇ, ಕಟ್ಟಲೇಬೇಕು. ಬೈಕ್ ಓಡಿಸುವವನು ಕಟ್ಟಬೇಕು. ಯಾವಾಗ ಬೀಳುತ್ತದೋ ಗೊತ್ತಿಲ್ಲದ ದುಡ್ಡನ್ನು ನಂಬಿ, ತಾರೀಕು ತಪ್ಪದ ಕಂತು ಹೊರಬೇಡಿ ಅಂತ ಮೂವರಿಗೂ ಹೇಳಿದೆ. ಈಗಲೂ ಬಂದವರಿಗೆಲ್ಲ ಹೇಳುತ್ತೇನೆ.

ಆಮೇಲೆ? ಎರಡು ಒಲೆ ಒಂದಾಗಿದೆ. ಬೇಸಿಗೆಯಲ್ಲಿ ಸೊಸೆ ಕೆರೆ ಹೂಳು ತೆಗೆಯುವ ಕೆಲಸಕ್ಕೆ ಹೋದಳು, ಮಗು ಅಂಗನವಾಡಿಗೆ, ಅಲ್ಲಿಂದ ಅಜ್ಜಿಯ ಹತ್ತಿರ. ಅಂಚೆ ಖಾತೆಗೆ ಕೂಲಿ ತಡವಾಗಿ ಬಂತು, ಆದರೆ ಬಂತು. "ಹೋದ ಮ್ಯಾಲ" ಅಂದ ಮಾತಿಗೆ ಅವಳು ಕ್ಷಮೆ ಕೇಳಿಲ್ಲ, ಅತ್ತೆ ಮರೆತಿಲ್ಲ. ನಾನು ಒತ್ತಾಯ ಮಾಡಿಲ್ಲ. ಮಗ ಎರಡು ತಿಂಗಳು 4500 ಕೊಟ್ಟ, ಮೂರನೆಯ ತಿಂಗಳು 3000ಕ್ಕೆ ಇಳಿದ. ಆ ಸಲ ಅವನನ್ನು ಕೇಳಿದವಳು ಸೊಸೆಯಲ್ಲ, ತಾಯಿ. ಉಳಿದ 1500 ಎಲ್ಲಿ ಹೋಗುತ್ತದೆ ಅನ್ನುವುದು ಮೂವರಿಗೂ ಗೊತ್ತು, ಇನ್ನೂ ಯಾರೂ ಬಾಯಿಬಿಟ್ಟು ಆಡಿಲ್ಲ. ಮುಂದಿನ ಭೇಟಿಗೆ ಅವನೊಬ್ಬನನ್ನೇ ಕರೆದಿದ್ದೇನೆ.