ರೇಮನ್ ಲೆಜೆಂಡ್ಸ್ ಅನ್ನುವ ವಿಡಿಯೊ ಗೇಮ್ ದೊಡ್ಡವರು ಆಡುವಂಥದ್ದೇ, ಇಲ್ಲ ಮಕ್ಕಳ ಆಟವೇ? ಹಿಂದಿನ ಭಾಗ ಆಡದೆ ನೇರವಾಗಿ ಇದನ್ನೇ ಶುರು ಮಾಡಬಹುದೇ?

ಎರಡನೇ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸಿಬಿಡೋಣ. ಧಾರಾಳವಾಗಿ ಶುರು ಮಾಡಿ. ಇದು 2011ರ ರೇಮನ್ ಒರಿಜಿನ್ಸ್‌ನ ಮುಂದುವರಿದ ಭಾಗ ಅನ್ನುವುದೇನೋ ನಿಜ, ಆದರೆ ಹಿಂದಿನದು ಗೊತ್ತಿಲ್ಲ ಅಂತ ಎಲ್ಲೂ ತಡವರಿಸಬೇಕಾಗಿಲ್ಲ. ಕಥೆ ಇರುವುದೇ ಇಷ್ಟು: ಹಿಂದಿನ ಸಾಹಸ ಮುಗಿಸಿದ ನಮ್ಮ ನಾಯಕರು ನೂರು ವರ್ಷ ಮಲಗಿ ಗೊರಕೆ ಹೊಡೆದಿದ್ದಾರೆ. ಅಷ್ಟರಲ್ಲಿ ಲೋಕದ ತುಂಬಾ ರಾಕ್ಷಸರು ತುಂಬಿಕೊಂಡು, ಟೀನ್ಸಿ ಅನ್ನುವ ಗಿಡ್ಡ ಜೀವಿಗಳನ್ನೆಲ್ಲ ಹಿಡಿದು ಕಟ್ಟಿಹಾಕಿದ್ದಾರೆ. ಮರ್ಫಿ ಎಂಬ ಹಾರುವ ಗೆಳೆಯ ಬಂದು ಇವರನ್ನು ಎಬ್ಬಿಸುತ್ತಾನೆ. ಇನ್ನು ಓಡುವುದು, ಹಾರುವುದು, ಗುದ್ದುವುದು, ಬಿಡಿಸಿಕೊಂಡು ಬರುವುದು. ಜತೆಗೆ ಒರಿಜಿನ್ಸ್‌ನ 40 ಲೆವೆಲ್‌ಗಳನ್ನು ತಿದ್ದಿತೀಡಿ ಇದರೊಳಗೇ ಇಟ್ಟಿದ್ದಾರೆ. ಹಾಗಾಗಿ ಹಿಂದಿನ ಭಾಗದ ರುಚಿಯೂ ನಿಮಗೆ ಇಲ್ಲೇ ಸಿಗುತ್ತದೆ.

ಮಕ್ಕಳ ಆಟವೇ ಅನ್ನುವ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೆಲಸ ಮುಗಿಸಿ ಬಂದ ಮೇಲೆ ತಲೆಗೆ ಭಾರವಾಗದ ಆಟ ಬೇಕು, ಆದರೆ ತೀರಾ ಸಪ್ಪೆಯಾಗಿರಬಾರದು ಅಂದಿದ್ದೀರಿ. ನಾನು ಇದನ್ನು ಆಡಲು ಕೂತಿದ್ದೂ ಹೆಚ್ಚುಕಡಿಮೆ ಅದೇ ಕಾರಣಕ್ಕೆ. ನೋಡಲು ಇದು ಅಪ್ಪಟ ಮಕ್ಕಳ ಆಟ. ಕೈಕಾಲು ಬೇರೆ, ಮೈ ಬೇರೆ ಇರುವ ನಾಯಕ ರೇಮನ್, ದಪ್ಪ ಹೊಟ್ಟೆಯ ನೀಲಿ ಗ್ಲೋಬಾಕ್ಸ್, ಕೊಡಲಿ ಹಿಡಿದ ಬಾರ್ಬರಾ, ಬಣ್ಣ ಚೆಲ್ಲಿದಂತಿರುವ ಹಿನ್ನೆಲೆ. ಉಬಿಸಾಫ್ಟ್ ಮಾಂಪೆಲಿಯೆ ಸ್ಟುಡಿಯೊದವರು ಕೈಯಲ್ಲಿ ಬಿಡಿಸಿದ ಚಿತ್ರಗಳನ್ನೇ ಆಟವಾಗಿಸುವ ಯೂಬಿಆರ್ಟ್ ಎಂಜಿನ್‌ನಲ್ಲಿ (ಆಟ ತಯಾರಿಸುವ ಸಾಫ್ಟ್‌ವೇರ್) ಇದನ್ನು ಮಾಡಿದ್ದು, ಅದು ಪರದೆಯ ಮೇಲೆ ಎದ್ದು ಕಾಣುತ್ತದೆ. ಆದರೆ ಕಂಟ್ರೋಲರ್ ಕೈಗೆ ಬಂದ ಮೇಲೆ ಮಕ್ಕಳಾಟ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಇದರ ಗುಟ್ಟು ಏನು ಅಂದರೆ, ಸೋತರೆ ನಿಮಗೆ ನಷ್ಟವೇ ಇಲ್ಲ. ಇಷ್ಟೇ ಜೀವ ಅನ್ನುವ ಲೆಕ್ಕ ಇಲ್ಲ, ಆಟ ಮುಗಿಯಿತು ಅನ್ನುವ ಪರದೆ ಇಲ್ಲ. ಬಿದ್ದಿರಾ, ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವಲ್ಪ ಹಿಂದಿನ ಜಾಗದಲ್ಲಿ ಎದ್ದು ನಿಂತಿರುತ್ತೀರಿ. ಸಿಟ್ಟು ಬರುವುದಕ್ಕೂ ಪುರುಸೊತ್ತು ಕೊಡುವುದಿಲ್ಲ. ಇಷ್ಟು ಉದಾರಿ ಆಗಿರುವುದರಿಂದಲೇ ಅದು ನಿಮ್ಮಿಂದ ಎಷ್ಟು ಬೇಕಾದರೂ ವೇಗ ಕೇಳಬಹುದು, ಕೇಳುತ್ತದೆ ಕೂಡ. ಇನ್ವೇಷನ್ ಅನ್ನುವ ಲೆವೆಲ್‌ಗಳನ್ನು ಆಡಿದರೆ ಗೊತ್ತಾಗುತ್ತದೆ. ಮೊದಲೇ ಆಡಿದ ಜಾಗ, ಆದರೆ ಬೇರೆ ಲೋಕದ ಶತ್ರುಗಳು ಬಂದು ಕೂತಿದ್ದಾರೆ. ಕೊನೆಯಲ್ಲಿ ಮೂವರು ಟೀನ್ಸಿಗಳನ್ನು ರಾಕೆಟ್‌ಗಳಿಗೆ ಕಟ್ಟಿರುತ್ತಾರೆ. 40 ಸೆಕೆಂಡಿಗೆ ಒಬ್ಬ ಹಾರಿಹೋಗುತ್ತಾನೆ, 50ಕ್ಕೆ ಇನ್ನೊಬ್ಬ, 60ಕ್ಕೆ ಮೂರನೆಯವ. ಮೂವರನ್ನೂ ಉಳಿಸಬೇಕು ಅಂದರೆ ಎಲ್ಲಿಯೂ ನಿಲ್ಲುವ ಹಾಗಿಲ್ಲ, ಶತ್ರು ಎದುರಾದರೆ ಗುದ್ದಿನ ರಭಸದಲ್ಲೇ ಮುಂದಕ್ಕೆ ನುಗ್ಗಬೇಕು. ಒಬ್ಬನನ್ನು ಉಳಿಸಿಕೊಂಡು ಸುಮ್ಮನಾಗುವವರೂ ಇದ್ದಾರೆ, ಆಟ ಅದಕ್ಕೂ ಬೇಡ ಅನ್ನುವುದಿಲ್ಲ. ನನಗಂತೂ ಮೂರನೆಯವನಿಗಾಗಿ ಹಟ ಹಿಡಿಯುವುದೇ ಮಜಾ.

ಇನ್ನು ಸಂಗೀತದ ಲೆವೆಲ್‌ಗಳು. ಇದೊಂದಕ್ಕಾಗಿಯೇ ಈ ಆಟವನ್ನು ಕೊಳ್ಳಬಹುದು ಅಂತ ಯಾರಿಗಾದರೂ ಹೇಳುತ್ತೇನೆ. ಮೊದಲ ಲೋಕದ ಕೊನೆಯಲ್ಲಿ ಕ್ಯಾಸಲ್ ರಾಕ್ ಅಂತ ಬರುತ್ತದೆ. ಎಲ್ಲರಿಗೂ ಪರಿಚಯವಿರುವ ಒಂದು ಹಳೇ ರಾಕ್ ಹಾಡನ್ನು ಅರ್ಥವಿಲ್ಲದ ಪದಗಳಲ್ಲಿ ಯಾರೋ ಕಿರುಚಿ ಹಾಡುತ್ತಿರುತ್ತಾರೆ, ನೀವು ಕೋಟೆಯೊಳಗೆ ಓಡುತ್ತಿರುತ್ತೀರಿ. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಹಾರಬೇಕಾದ ಕಂದಕ ಬರುತ್ತದೆ, ಮುಂದಿನ ಪೆಟ್ಟಿಗೆ ಗುದ್ದಬೇಕಾದ ಶತ್ರು ನಿಂತಿರುತ್ತಾನೆ, ಗಿಟಾರ್ ಶುರುವಾದಾಗ ನೀವು ಸರ್ರನೆ ಜಾರುತ್ತಿರುತ್ತೀರಿ. ಅಂದರೆ ಹಾಡು ಹಿನ್ನೆಲೆಯಲ್ಲಿ ಇಲ್ಲ, ಅದೇ ದಾರಿ. ಕಣ್ಣಿಗಿಂತ ಕಿವಿಯನ್ನು ನಂಬಿದರೆ ಬೇಗ ದಾಟುತ್ತೀರಿ. ಒಮ್ಮೆ ತಾಳಕ್ಕೆ ಕೈ ಕುದುರಿತೋ, ನೀವೇ ನುಡಿಸುತ್ತಿದ್ದೀರೇನೋ ಅನ್ನಿಸುತ್ತದೆ. ಆಟದ ಕೊನೆಯ ಭಾಗದಲ್ಲಿ ಇವೇ ಹಾಡುಗಳು ಹಳೇ ವಿಡಿಯೊ ಗೇಮಿನ ಕೀರಲು ದನಿಯಲ್ಲಿ ವಾಪಸು ಬರುತ್ತವೆ, ಆಗ ಪರದೆಯೂ ಕೈಕೊಡುತ್ತದೆ: ಒಮ್ಮೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಒಮ್ಮೆ ಕೆಟ್ಟ ಟಿವಿಯಂತೆ ಬರೀ ಚುಕ್ಕಿ. ಏನೂ ಕಾಣದಿದ್ದಾಗ ತಾಳ ಹಿಡಿದುಕೊಂಡೇ ಹಾರಬೇಕು. ಮಕ್ಕಳ ಆಟ ಅಂದವರ ಕೈಗೆ ಇದನ್ನು ಕೊಟ್ಟು ನೋಡಿ!

ಹುಡುಕಾಟದ ಚಟ ಇರುವವರಿಗೂ ಕೆಲಸ ಇದೆ. ಒಟ್ಟು 700 ಟೀನ್ಸಿಗಳು. ದೊಡ್ಡ ಲೆವೆಲ್ ಒಂದರಲ್ಲಿ ಹತ್ತು ಇರುತ್ತವೆ, ಅದರಲ್ಲಿ ರಾಜ ರಾಣಿ ಇಬ್ಬರು ಗುಪ್ತ ಕೋಣೆಗಳಲ್ಲಿ. ಹತ್ತಿರ ಹೋದಾಗ ಕಾಪಾಡಿ ಅಂತ ಕೂಗುವುದು ಕೇಳಿಸುತ್ತದೆ, ಆದ್ದರಿಂದ ಟಿವಿಯ ಧ್ವನಿ ಮಾತ್ರ ಸಣ್ಣದು ಮಾಡಬೇಡಿ.

ನನಗೆ ಹಿಡಿಸದಿದ್ದದ್ದು ಮರ್ಫಿಯ ಲೆವೆಲ್‌ಗಳು. ಓಡುತ್ತಾ ಓಡುತ್ತಾ ಒಂದು ಬಟನ್ ಒತ್ತಿ ಅವನಿಂದ ಹಗ್ಗ ಕತ್ತರಿಸಬೇಕು, ಹಲಗೆ ಎಳೆಸಬೇಕು, ದೈತ್ಯರಿಗೆ ಕಚಗುಳಿ ಇಡಿಸಬೇಕು. ಈ ಆಟವನ್ನು ಮೊದಲು ಯೋಜಿಸಿದ್ದು ನಿಂಟೆಂಡೊ ಕಂಪನಿಯ ವೀ ಯೂ ಅನ್ನುವ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಯಂತ್ರ) ಮಾತ್ರ. ಅದರ ಕಂಟ್ರೋಲರ್‌ನಲ್ಲೇ ಟಚ್ ಸ್ಕ್ರೀನ್ ಇದ್ದದ್ದರಿಂದ ಒಬ್ಬರು ಓಡುತ್ತಾ ಇನ್ನೊಬ್ಬರು ಬೆರಳಲ್ಲಿ ಮರ್ಫಿಯನ್ನು ಆಡಿಸಲಿ ಅನ್ನುವುದು ಲೆಕ್ಕಾಚಾರ. 2013ರ ಫೆಬ್ರವರಿಗೆ ಬರಬೇಕಾಗಿದ್ದದ್ದನ್ನು ಬೇರೆ ಕನ್ಸೋಲ್‌ಗಳಿಗೂ ತರುತ್ತೇವೆ ಅಂತ ತಿಂಗಳುಗಟ್ಟಲೆ ಮುಂದೂಡಿದರು, ಕಾದು ಕೂತಿದ್ದವರು ರೇಗಿದ್ದೂ ಆಯಿತು. ಟಚ್ ಸ್ಕ್ರೀನ್ ಇಲ್ಲದ ಕಡೆ ಆ ಲೆವೆಲ್‌ಗಳಲ್ಲಿ ಓಟದ ಲಯ ತಪ್ಪುತ್ತದೆ. ಆದರೂ ಮರ್ಫಿ ಕೇಕನ್ನು ಕಚಕಚ ತಿಂದು ನಿಮಗೆ ಸುರಂಗ ಮಾಡಿಕೊಡುವ ಲೆವೆಲ್ಲಿಗೆ ನನ್ನ ಪೂರ್ತಿ ಕ್ಷಮೆ ಇದೆ.

ಮನೆಯಲ್ಲಿ ಜತೆಗೆ ಕೂರುವವರಿದ್ದರೆ ಇನ್ನೊಂದು ಕಂಟ್ರೋಲರ್ ತೆಗೆದಿಡಿ. ನಾಲ್ವರು ಒಟ್ಟಿಗೆ ಆಡಬಹುದು. ಸತ್ತವರು ಗುಳ್ಳೆಯಾಗಿ ತೇಲುತ್ತಿರುತ್ತಾರೆ, ಬದುಕಿರುವವರು ಬಂದು ಒಂದು ಏಟು ಕೊಟ್ಟರೆ ವಾಪಸು. ಬೇಕೆಂದೇ ಗೆಳೆಯನಿಗೆ ಗುದ್ದುವುದಕ್ಕೂ ಅಡ್ಡಿಯಿಲ್ಲವಾದ್ದರಿಂದ ಗಂಭೀರವಾಗಿ ಲೆವೆಲ್ ಮುಗಿಸೋಣ ಅಂತ ಕೂತವರು ಕೊನೆಗೆ ಒಬ್ಬರನ್ನೊಬ್ಬರು ಬಾರಿಸಿಕೊಂಡು ನಗುತ್ತಿರುತ್ತಾರೆ. ಕುಂಗ್ ಫುಟ್ ಅನ್ನುವ ಪುಟ್ಟ ಫುಟ್‌ಬಾಲ್ ಆಟವೂ ಒಳಗೇ ಇದೆ, ನಿಯಮ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಯಾವುದರಲ್ಲಿ ಆಡಬೇಕು ಅಂತ ಹೆಚ್ಚು ಯೋಚಿಸಬೇಡಿ, ಪಿಸಿಯಲ್ಲಿದೆ, ಕನ್ಸೋಲ್‌ಗಳ ಪೈಕಿ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗೆ 2014ರಲ್ಲಿ, ನಿಂಟೆಂಡೊ ಸ್ವಿಚ್‌ಗೆ 2017ರಲ್ಲಿ ಬಂತು. ಪಿಸಿಯಾದರೆ ಕೀಬೋರ್ಡ್ ಬೇಡ, ಕಂಟ್ರೋಲರ್ ಇಟ್ಟುಕೊಳ್ಳಿ. ದಾರಿಯಲ್ಲಿ ಹೆಕ್ಕುವ ಲಮ್ ಅನ್ನುವ ಹೊಳೆಯುವ ಪುಟಾಣಿಗಳಿಂದ ಹೊಸ ಹೊಸ ವೇಷಗಳು ತೆರೆದುಕೊಳ್ಳುತ್ತವೆ. ಎಲ್ಲಕ್ಕಿಂತ ಕೊನೆಯದು ಚಿನ್ನದ ರೇಮನ್, ಅದಕ್ಕೆ 10 ಲಕ್ಷ ಲಮ್ ಬೇಕು. ನಾನು ಅದರ ಹತ್ತಿರಕ್ಕೂ ಸುಳಿದಿಲ್ಲ, ಸುಳಿಯುವ ಇರಾದೆಯೂ ಇಲ್ಲ.